ಒಂದೇ ಪದರ ಬಟ್ಟೆಯ ರೆಕ್ಕೆ ಹಾರುವುದು ಹೇಗೆ?

ವಿಮಾನ ಯಾಕೆ ಹಾರುತ್ತದೆ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ. ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಕೆಳಭಾಗ ಚಪ್ಪಟೆ. ಮೇಲಿನ ಗಾಳಿಗೆ ದಾರಿ ಉದ್ದ. ಕೆಳಗಿನ ಗಾಳಿಯ ಜೊತೆಗೇ ಹಿಂದಿನ ಅಂಚು ಮುಟ್ಟಬೇಕಲ್ಲ, ಅದಕ್ಕೆ ಜೋರಾಗಿ ಓಡುತ್ತದೆ, ಒತ್ತಡ ಇಳಿಯುತ್ತದೆ, ರೆಕ್ಕೆ ಏಳುತ್ತದೆ.

ಇದು ತಪ್ಪು. ಎರಡೂ ಗಾಳಿ ಒಟ್ಟಿಗೆ ಮುಟ್ಟಬೇಕು ಅಂತ ಯಾವ ನಿಯಮವೂ ಇಲ್ಲ. ಹೊಗೆ ಬಿಟ್ಟು ನೋಡಿದರೆ ಮೇಲಿನ ಗಾಳಿ ಮೊದಲೇ ತಲುಪಿರುತ್ತದೆ. ಆದರೂ ಮಕ್ಕಳು ಇದನ್ನೇ ಬಾಯಿಪಾಠ ಮಾಡುತ್ತಿದ್ದಾರೆ.

ಈ ತಪ್ಪನ್ನು ಬಿಡಿಸಲು ಅಲ್ಟ್ರಾಲೈಟ್ ವಿಮಾನದ ಪುಟ್ಟ ರೇಡಿಯೋ ಕಂಟ್ರೋಲ್ ಮಾದರಿಗಿಂತ ಒಳ್ಳೆಯ ಪಾಠ ಇಲ್ಲ. ಅಲ್ಟ್ರಾಲೈಟ್ ಅಂದರೆ ತೀರಾ ಹಗುರ ವಿಮಾನ: ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಬಿಗಿದ ತಂತಿಗಳು, ಗಾಳಿಗೆ ಮೈಯೊಡ್ಡಿ ಕೂತ ಪೈಲಟ್, ಬೆನ್ನ ಹಿಂದೆ ಪ್ರೊಪೆಲ್ಲರ್. 1982ರಲ್ಲಿ ಬಂದ ಅಮೆರಿಕದ ನಿಯಮದಂತೆ ಇಂಥದ್ದರ ಖಾಲಿ ತೂಕ ಸುಮಾರು 115 ಕಿಲೋದೊಳಗೆ ಇರಬೇಕು. ತೂಕ ಉಳಿಸಲು ಹಲವು ಅಲ್ಟ್ರಾಲೈಟ್‌ಗಳ ರೆಕ್ಕೆಗೆ ಒಂದೇ ಪದರ ಹಾಯಿಬಟ್ಟೆ ಹಾಕುತ್ತಾರೆ. ಬಟ್ಟೆಯ ಮೇಲೂ ಕೆಳಗೂ ದಾರಿ ಹೆಚ್ಚುಕಡಿಮೆ ಅಷ್ಟೇ ಉದ್ದ. ಮಕ್ಕಳ ಆ ಬಾಯಿಪಾಠದ ಪ್ರಕಾರ ಇದು ನೆಲ ಬಿಟ್ಟು ಏಳಲೇಬಾರದು!

ಹಾಗಾದರೆ ಎತ್ತುವುದು ಏನು? ಬಾಗು. ಬಟ್ಟೆ ಮೇಲಕ್ಕೆ ಕಮಾನಿನಂತೆ ಬಾಗಿದೆ, ಅದರ ಮೇಲೂ ಕೆಳಗೂ ಗಾಳಿ ಹಾಗೇ ಬಾಗಿ ಹರಿಯುತ್ತದೆ. ಗಾಳಿ ಬಾಗಿ ಹರಿಯಬೇಕಾದರೆ ಅದನ್ನು ಬಾಗಿನ ಒಳಕ್ಕೆ ತಳ್ಳುವ ಬಲ ಬೇಕು. ಆ ಬಲ ಒತ್ತಡದ ವ್ಯತ್ಯಾಸದಿಂದ ಬರುತ್ತದೆ: ಬಾಗಿನ ಹೊರಗೆ ಜಾಸ್ತಿ, ಒಳಗೆ ಕಡಿಮೆ. ಈಗ ರೆಕ್ಕೆಯ ಮೇಲೆ ಬಹಳ ಎತ್ತರದಿಂದ ಕೆಳಗೆ ಬನ್ನಿ. ಅಲ್ಲಿ ಮಾಮೂಲಿ ಒತ್ತಡ. ಬಟ್ಟೆಯ ಹತ್ತಿರ ಬಂದಂತೆ ಬಾಗಿನ ಒಳಕ್ಕೆ ಬರುತ್ತಿದ್ದೀರಿ, ಒತ್ತಡ ಇಳಿಯುತ್ತಿದೆ. ಬಟ್ಟೆಯ ಬೆನ್ನು ಮುಟ್ಟುವಾಗ ಅದು ಮಾಮೂಲಿಗಿಂತ ಕಡಿಮೆ. ಬಟ್ಟೆ ದಾಟಿ ಇನ್ನೂ ಕೆಳಕ್ಕೆ ಹೋಗಿ. ಅಲ್ಲೂ ಇಳಿದಂತೆ ಒತ್ತಡ ಕಡಿಮೆಯಾಗುತ್ತಾ ಕೊನೆಗೆ ಮಾಮೂಲಿಗೆ ಬಂದು ಸೇರಬೇಕು. ಅಂದರೆ ಬಟ್ಟೆಯ ಹೊಟ್ಟೆಗೆ ತಾಗಿದಲ್ಲಿ ಮಾಮೂಲಿಗಿಂತ ಜಾಸ್ತಿ ಇರಲೇಬೇಕು, ಅಲ್ವಾ? ಬೆನ್ನಲ್ಲಿ ಕಡಿಮೆ, ಹೊಟ್ಟೆಯಲ್ಲಿ ಜಾಸ್ತಿ. ರೆಕ್ಕೆ ಎದ್ದಿತು. ರೆಕ್ಕೆ ದಾಟಿದ ಗಾಳಿ ಕೆಳಮುಖವಾಗಿ ಹೋಗುತ್ತದೆ, ನ್ಯೂಟನ್ನನ ಲೆಕ್ಕವೂ ಸರಿಯಾಯಿತು. ಎಷ್ಟು ಚಂದದ ವಿವರಣೆ ಇದು! ಉಬ್ಬೂ ಬೇಡ, ಓಟದ ಪಂದ್ಯವೂ ಬೇಡ.

ಮಾದರಿ ಕಟ್ಟುವವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. 10 ಮೀಟರ್ ರೆಕ್ಕೆಯ ವಿಮಾನವನ್ನು ಎಂಟನೇ ಒಂದರಷ್ಟು ಮಾಡಿದರೆ ರೆಕ್ಕೆ 1.25 ಮೀಟರ್, ಅದರ ಅಗಲ ಸುಮಾರು 19 ಸೆಂ.ಮೀ. ತೂಕ ಎಂಟರಲ್ಲಿ ಒಂದಲ್ಲ, 512ರಲ್ಲಿ ಒಂದು. ಪೈಲಟ್ ಸೇರಿ 200 ಕಿಲೋ ಇದ್ದದ್ದು 390 ಗ್ರಾಂ ಆಗಬೇಕು. ವೇಗ ಗಂಟೆಗೆ 60 ಕಿ.ಮೀ. ಇದ್ದದ್ದು 21ಕ್ಕೆ ಇಳಿಯುತ್ತದೆ. ಆದರೆ ಗಾಳಿಯನ್ನು ಮಾತ್ರ ಚಿಕ್ಕದು ಮಾಡಲಾಗದು. ಕಂಬಳದ ಕೆಸರಿನಲ್ಲಿ ಕೋಣಗಳು ನೀರೆಬ್ಬಿಸಿಕೊಂಡು ಓಡುತ್ತವೆ, ಅದೇ ಕೆಸರಿಗೆ ಬಿದ್ದ ಇರುವೆ ಅಲ್ಲೇ ಅಂಟಿಕೊಳ್ಳುತ್ತದೆ. ಓಟದ ರಭಸ ಅಂಟಿಗಿಂತ ಎಷ್ಟು ಪಟ್ಟು ಜಾಸ್ತಿ ಅಂತ ಅಳೆಯುವುದೇ ರೆನಾಲ್ಡ್ಸ್ ಸಂಖ್ಯೆ. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣ ಬಿಟ್ಟು ಹರಿವನ್ನು ನೋಡಿದ ಪ್ರಯೋಗದಿಂದ ಬಂದದ್ದು. ದೊಡ್ಡ ಅಲ್ಟ್ರಾಲೈಟ್‌ಗೆ ಅದು ಸುಮಾರು 16 ಲಕ್ಷ, ನಮ್ಮ ಮಾದರಿಗೆ ಬರೀ 70 ಸಾವಿರ. ಇಷ್ಟು ಕಡಿಮೆಯಲ್ಲಿ ದಪ್ಪ ರೆಕ್ಕೆಯ ಬೆನ್ನ ಮೇಲಿನ ಗಾಳಿ ಸುಸ್ತಾಗಿ ಅರ್ಧದಲ್ಲೇ ಬಿಟ್ಟುಹೋಗುತ್ತದೆ. ತೆಳು ಬಾಗು ರೆಕ್ಕೆ ಗೆಲ್ಲುತ್ತದೆ.

ಚರಿತ್ರೆಯಲ್ಲಿ ಇದು ಹಲವರನ್ನು ದಾರಿ ತಪ್ಪಿಸಿದೆ. ರೈಟ್ ಸಹೋದರರು 1901ರಲ್ಲಿ ಡೇಟನ್‌ನಲ್ಲಿ ಗಾಳಿ ಸುರಂಗ ಮಾಡಿ ಇನ್ನೂರರಷ್ಟು ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಅಷ್ಟು ಚಿಕ್ಕದರಲ್ಲಿ ತೆಳುವೇ ಚೆನ್ನಾಗಿ ಕಂಡಿತು. ತೆಳು ರೆಕ್ಕೆಯೇ ಶ್ರೇಷ್ಠ ಎಂಬ ನಂಬಿಕೆ ಮೊದಲ ಮಹಾಯುದ್ಧದವರೆಗೂ ಉಳಿಯಿತು. 1915ರಲ್ಲಿ ಜರ್ಮನಿಯ ಯುಂಕರ್ಸ್ ದಪ್ಪ ರೆಕ್ಕೆಯ ಲೋಹದ ವಿಮಾನ ಹಾರಿಸಿದ. ದೊಡ್ಡ ವಿಮಾನಕ್ಕೆ ದಪ್ಪವೇ ಸರಿ ಅಂತ ಆಮೇಲೆ ನಿಧಾನವಾಗಿ ಗೊತ್ತಾಯಿತು.

ಕರಾವಳಿಯಲ್ಲಿ ಇಂಥ ರೆಕ್ಕೆ ಕಟ್ಟುವುದಕ್ಕೆ ಬೇಕಾದ ಕೈಚಳಕ ಮೊದಲೇ ಇದೆ. ದೀಪಾವಳಿಗೆ ಗೂಡುದೀಪ ಕಟ್ಟುವವರಿಗೆ ಬಿದಿರಿನ ಕಡ್ಡಿ ಬಗ್ಗಿಸುವುದು ಗೊತ್ತು. ಪಣಂಬೂರಿನ ಗಾಳಿಪಟ ಉತ್ಸವ ನೋಡಿದವರಿಗೆ ಗಾಳಿಪಟದ ಬಟ್ಟೆ ರಿಪ್‌ಸ್ಟಾಪ್ ನೈಲಾನ್ ಹೊಸತಲ್ಲ. ಮೂರು ಮಿ.ಮೀ. ಅಗಲದ ಕಡ್ಡಿ ಸೀಳಿ, ಮೇಣದಬತ್ತಿಯ ಉರಿಗೆ ಹಿಡಿದು, ಕಪ್ಪಾಗುವ ಮೊದಲು ಮೆಲ್ಲ ಬಗ್ಗಿಸಿ. ನಡುವಿಗಿಂತ ತುಸು ಮುಂದೆ 11 ಮಿ.ಮೀ. ಎತ್ತರ ಬಂದರೆ ಸಾಕು. ಎಲ್ಲ ಕಡ್ಡಿಗಳನ್ನೂ ಒಂದೇ ಕಾಗದದ ಗೆರೆಯ ಮೇಲಿಟ್ಟು ನೋಡಿ. ಎಡ ಬಲ ಒಂದೇ ಬಾಗು ಇರಬೇಕು, ಇಲ್ಲದಿದ್ದರೆ ವಿಮಾನ ಒಂದೇ ಬದಿಗೆ ವಾಲುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ವಾರ್ನಿಶ್ ಹಚ್ಚಿ. ಬಟ್ಟೆಗೆ ಉದ್ದ ಜೇಬು ಹೊಲಿದು ಕಡ್ಡಿ ತೂರಿಸಿ, ಮುಂದಿನ ಅಂಚಿಗೆ ತೆಳು ಕಾರ್ಬನ್ ಕೊಳವೆ ಹಾಕಿ. ಮೋಟಾರ್, ಚುಕ್ಕಾಣಿ ತಿರುಗಿಸುವ ಸರ್ವೋ, ರೇಡಿಯೋ ಸಂಕೇತ ಹಿಡಿಯುವ ರಿಸೀವರ್ ಎಲ್ಲ ಅಂಗಡಿಯ ಸಾಮಾನು. ಬ್ಯಾಟರಿಯನ್ನು ಪೈಲಟ್ ಬೊಂಬೆಯ ಜಾಗದಲ್ಲಿಡಿ. ಅಸಲಿ ವಿಮಾನದಲ್ಲೂ ಮುಂದಿನ ತೂಕ ಮನುಷ್ಯನದ್ದೇ. ರೆಕ್ಕೆಯ ಮುಂದಂಚಿನಿಂದ ಕಾಲು ಭಾಗಕ್ಕಿಂತ ತುಸು ಹಿಂದೆ ತೂಕ ಸಮವಾಗಬೇಕು.

ಬಜ್ಪೆ ವಿಮಾನ ನಿಲ್ದಾಣ, ಬಂದರು ಎರಡೂ ಇರುವ ಊರು ನಮ್ಮ ಮಂಗಳೂರು. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡದೆ ಸುಮ್ನೆ ಹಾರಿಸಬೇಡಿ.

ತೆಳು ರೆಕ್ಕೆಗೆ ಒಂದು ಮಿತಿ ಇದೆ. ವೇಗ ಹೆಚ್ಚಿಸಲು ಮೂತಿ ತಗ್ಗಿಸಿದರೆ ಬಟ್ಟೆಯ ಹೊಟ್ಟೆಯಡಿ ಗಾಳಿ ಸುಳಿಯಾಗಿ ಎಳೆತ ಏರುತ್ತದೆ. ಎದುರು ಗಾಳಿ ಸೀಳಿಕೊಂಡು ಹೋಗುವುದು ಇದಕ್ಕೆ ಕಷ್ಟ. ಮಲ್ಪೆಯಲ್ಲಿ ಮಧ್ಯಾಹ್ನದ ಕಡಲಗಾಳಿ ಗಂಟೆಗೆ 20 ಕಿ.ಮೀ. ಮುಟ್ಟಿದರೆ ನಿಮ್ಮ ವಿಮಾನ ಇದ್ದಲ್ಲೇ ನಿಲ್ಲುತ್ತದೆ, ಸ್ವಲ್ಪ ಜಾಸ್ತಿಯಾದರೆ ಹಿಂದಕ್ಕೆ ಹೋಗಿ ತೆಂಗಿನ ಮರ ಸೇರುತ್ತದೆ. ಬೆಳಗ್ಗೆ ಬೇಗ, ಕಡಲಗಾಳಿ ಏಳುವ ಮೊದಲೇ ಹಾರಿಸಿ.