ಮೂಗು ಹಿಡಿದದ್ದು, ಮಿದುಳು ಕಲಿತದ್ದು

ಒಂದು ವಾಸನೆಗೆ ಬಾಯಲ್ಲಿ ನೀರೂರುತ್ತದೆ, ಇನ್ನೊಂದಕ್ಕೆ ಹೊಟ್ಟೆ ತೊಳಸುತ್ತದೆ. ಇದು ಹುಟ್ಟಿನಿಂದ ಬಂದದ್ದೋ, ಕಲಿತದ್ದೋ? ಒಂದು ಸುದ್ದಿ ಮೂಗೇ ಎಲ್ಲ ಅನ್ನುತ್ತದೆ, ಮತ್ತೊಂದು ನೆನಪೇ ಎಲ್ಲ ಅನ್ನುತ್ತದೆ. ಗೊಂದಲ ಆಗದೇ ಇರುತ್ತಾ? ಉತ್ತರದ ಎಳೆ ಪುಟ್ಟ ನೊಣದ ಮಿದುಳಿನಲ್ಲಿದೆ.

ಕೀಟಗಳ ಮಿದುಳಿನಲ್ಲಿ ಅಣಬೆಯಾಕಾರದ ಭಾಗವೊಂದಿದೆ ಎಂದು 1850ರಲ್ಲೇ ಗೊತ್ತಾಗಿತ್ತು. ಅದು ಕಲಿಕೆಯ ಜಾಗ ಎಂದು ತಿಳಿಯಲು ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು. 1974ರಲ್ಲಿ ಅಮೆರಿಕದ ಸೆಮೋರ್ ಬೆಂಜರ್ ತಂಡ ಹಣ್ಣುನೊಣಗಳಿಗೆ ಎರಡು ವಾಸನೆ ತೋರಿಸಿ, ಒಂದರ ಜೊತೆ ಮಾತ್ರ ಶಾಕ್ ಕೊಟ್ಟಿತು. ನೊಣಗಳು ಆಮೇಲೆ ಆ ವಾಸನೆಯಿಂದ ದೂರ ಸರಿದವು. 1991ರಲ್ಲಿ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ (ರಿಸೆಪ್ಟರ್) ಜೀನ್‌ಗಳನ್ನು ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಗಮನವೆಲ್ಲ ಮೂಗಿನ ಕಡೆ ವಾಲಿತು, ಸ್ವಲ್ಪ ಅತಿಯಾಗಿಯೇ.

ಮಿದುಳಿನ ಕಡೆಯ ಕೆಲಸ ಬೆಂಗಳೂರಿನಲ್ಲಿ ಸದ್ದಿಲ್ಲದೆ ಬೆಳೆಯಿತು. ವಿಜ್ಞಾನಿಗಳಾದ ಒಬೈದ್ ಸಿದ್ದಿಕಿ, ವೆರೋನಿಕಾ ರಾಡ್ರಿಗಸ್ 1970ರ ದಶಕದಲ್ಲೇ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ವಾಸನೆ ಸರಿಯಾಗಿ ಹಿಡಿಯದ ನೊಣಗಳನ್ನು ಹುಡುಕಿದ್ದರು. 1990ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ನೆಲೆಯೂರಿತು, ಆ ಹುಡುಕಾಟವೂ ಇಲ್ಲಿಗೆ ಬಂತು. ನೊಣದ ಮೂಗಿನಿಂದ ಏನು ಲಾಭ ಎಂದು ಕೇಳುವವರಿಗೆ 2011ರ ಒಂದು ಅಧ್ಯಯನ ತೋರಿಸಬೇಕು.

ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿಗೆ ಕಾಲಿಟ್ಟರೆ ಮಲ್ಲಿಗೆ ಘಮ್ಮೆನ್ನುತ್ತದೆ. ಬೆಳಗಿನಿಂದ ಅಲ್ಲೇ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ, ಅಲ್ವಾ? ಸುಮ್ನೆ ಮೂಗು ದಣಿಯಿತು ಅಂದುಬಿಡುತ್ತೇವೆ. ಆ 2011ರ ಅಧ್ಯಯನದಲ್ಲಿ ಎನ್‌ಸಿಬಿಎಸ್ ಮತ್ತು ಐರ್ಲೆಂಡಿನ ಡಬ್ಲಿನ್‌ನ ಸಂಶೋಧಕರು ನೊಣಗಳನ್ನು ನಾಲ್ಕು ದಿನ ಒಂದೇ ವಾಸನೆಯಲ್ಲಿ ಇಟ್ಟರು. ಅವು ಆ ವಾಸನೆಗೆ ಸ್ಪಂದಿಸುವುದು ಕಡಿಮೆಯಾಯಿತು. ಕಾರಣ ಮಿದುಳಿನೊಳಗಿತ್ತು: ಸಂಕೇತವನ್ನು ತಡೆಯುವ ನರಕೋಶಗಳ ಹಿಡಿತ ಬಿಗಿಯಾಗಿತ್ತು. ಇದಕ್ಕೆ 'ರುಟಬಾಗ' ಜೀನ್ ಬೇಕು. ಶಾಕ್ ಕೊಟ್ಟ ವಾಸನೆಯನ್ನು ನೆನಪಿಡಲೂ ಅದೇ ಜೀನ್ ಬೇಕು! ಅಂದರೆ ಒಂದು ವಾಸನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೂ ಕಲಿಕೆಯೇ. ರಾಡ್ರಿಗಸ್ 2010ರಲ್ಲಿ ತೀರಿಕೊಂಡಿದ್ದರು. ಮರುವರ್ಷದ ಈ ಪ್ರಬಂಧದಲ್ಲಿ ಅವರ ಹೆಸರಿದೆ.

ಈಗ ಚಿತ್ರ ಇನ್ನಷ್ಟು ಸ್ಪಷ್ಟ. ನೊಣದ ಮಿದುಳಿನ ಪ್ರತಿ ಬದಿಯ ಅಣಬೆ ಭಾಗದಲ್ಲಿ ಸುಮಾರು 2,000 ಕೋಶಗಳಿವೆ. ಒಂದು ವಾಸನೆಗೆ ಎಚ್ಚರವಾಗುವುದು ಕೆಲವು ಮಾತ್ರ. ಅದೇ ಹೊತ್ತಿಗೆ ಸಕ್ಕರೆಯೋ ಶಾಕೋ ಸಿಕ್ಕರೆ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಬಿಡುಗಡೆಯಾಗಿ, ಆ ಕೆಲವು ಕೋಶಗಳು ಮುಂದಿನ ಕೋಶಗಳಿಗೆ ಸೇರುವ ಜಾಗಗಳಲ್ಲಿ ಬದಲಾವಣೆ ಮಾಡುತ್ತದೆ. ಮುಂದಿನ ಸಲ ಹತ್ತಿರ ಹೋಗುವುದೋ, ದೂರ ಸರಿಯುವುದೋ ಎಂಬುದು ಹೀಗೆ ತೀರ್ಮಾನವಾಗುತ್ತದೆ.

ಮನುಷ್ಯರಲ್ಲೂ ಅಭ್ಯಾಸಕ್ಕೆ ಬೆಲೆಯಿದೆ. ಕೋವಿಡ್‌ನಿಂದ ವಾಸನೆ ಕಳೆದುಕೊಂಡವರಿಗೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿಯನ್ನು ದಿನಕ್ಕೆರಡು ಸಲ, ತಿಂಗಳುಗಟ್ಟಲೆ ಮೂಸುವ ತರಬೇತಿ ಕೊಡುತ್ತಾರೆ. ಕೆಲವರಿಗೆ ಇದರಿಂದ ಅನುಕೂಲವಾಗಿದೆ.