ಇತಿಹಾಸದ ಪದವಿ ಇಲ್ಲದವರು ಇತಿಹಾಸ ಬರೆಯಬಹುದೇ?

ಪ್ರಶ್ನೆ: ನಾನು ಓದಿದ್ದು ವಾಣಿಜ್ಯ. ಬೇಕಲ ಕೋಟೆಯ ಕುರಿತು ಸಾಮಾನ್ಯ ಓದುಗರಿಗಾಗಿ ಕಥನ ರೂಪದಲ್ಲಿ ಒಂದು ಪುಸ್ತಕ ಬರೆಯುವ ಆಸೆಯಿದೆ. ಸಂಶೋಧನಾ ಪದವಿ ಇಲ್ಲದವರು ಬರೆದ ಇತಿಹಾಸವನ್ನು ಯಾರಾದರೂ ನಂಬುತ್ತಾರೆಯೇ?
– ಕಾಸರಗೋಡಿನ ಓದುಗರೊಬ್ಬರು

ಉತ್ತರ: ನಂಬುತ್ತಾರೆ, ಆದರೆ ಆ ನಂಬಿಕೆಯನ್ನು ಪುಟಪುಟದಲ್ಲೂ ಗಳಿಸಬೇಕಾಗುತ್ತದೆ. ನಿಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳು ತಂದೆಯ ಮರಣದಿಂದಾಗಿ ಮದ್ರಾಸಿನ ಓದನ್ನು ನಡುವಿನಲ್ಲೇ ಬಿಟ್ಟು ಬಂದವರು. ಆದರೂ ಅವರ ಸಂಶೋಧನ ಲೇಖನಗಳನ್ನು ವಿದ್ವಾಂಸರು ಗೌರವದಿಂದ ಓದಿದರು. ಅವರು ಬರೆದದ್ದು ಹೆಚ್ಚಾಗಿ ಪಂಡಿತರಿಗಾಗಿ. ನೀವು ಹಿಡಿಯಬೇಕೆಂದಿರುವ ಕಥನದ ದಾರಿಗೆ ಅಮೆರಿಕದ ಬಾರ್ಬರಾ ಟಕ್‌ಮನ್ (1912–1989) ಅವರ ಬರಹಜೀವನ ಹೆಚ್ಚು ಹತ್ತಿರದ್ದು.

ಟಕ್‌ಮನ್ 1933ರಲ್ಲಿ ಪದವಿ ಪಡೆದರು, ಪಿಎಚ್.ಡಿ. ಮಾಡಲಿಲ್ಲ. ಪತ್ರಿಕೆಯೊಂದಕ್ಕಾಗಿ ಸ್ಪೇನಿನ ಅಂತರ್ಯುದ್ಧದ ವರದಿ ಮಾಡಿದರು. ಆಮೇಲೆ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಲೇ ಗ್ರಂಥಾಲಯಗಳಲ್ಲಿ ಕೂತು ಬರೆದರು. ಮೊದಲನೆಯ ಮಹಾಯುದ್ಧದ ಆರಂಭದ ದಿನಗಳನ್ನು ಹೇಳುವ ‘ದ ಗನ್ಸ್ ಆಫ್ ಆಗಸ್ಟ್’ 1962ರಲ್ಲಿ ಬಂದು, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. ಎರಡನೆಯ ಪುಲಿಟ್ಜರ್ 1972ರಲ್ಲಿ, ಚೀನಾದಲ್ಲಿದ್ದ ಅಮೆರಿಕದ ಸೇನಾನಿ ಸ್ಟಿಲ್ವೆಲ್ ಕುರಿತ ಗ್ರಂಥಕ್ಕೆ ಬಂತು.

ಅವರಿಂದ ಕಲಿಯಬೇಕಾದುದು ಬಹುಮಾನಗಳಿಗಿಂತ ಅವರ ಶಿಸ್ತನ್ನು. 1914ರ ಆಗಸ್ಟಿನಲ್ಲಿ ಬ್ರಿಟಿಷ್ ಸೇನೆ ಫ್ರಾನ್ಸಿನಲ್ಲಿ ಇಳಿದ ಸಂಜೆ ಗುಡುಗು ಕೇಳಿಸಿತು, ಸೂರ್ಯ ರಕ್ತವರ್ಣದಲ್ಲಿ ಮುಳುಗಿದ ಎಂದು ಅವರು ಬರೆದಿದ್ದಾರೆ. ಓದಿದವರಿಗೆ ಇದು ಕವಿಕಲ್ಪನೆ ಎನಿಸಬಹುದು. ಆದರೆ ಅಂದು ಅಲ್ಲಿ ಇಳಿದಿದ್ದ ಅಧಿಕಾರಿಯೊಬ್ಬನ ನೆನಪಿನ ಬರಹದಿಂದಲೇ ಅವರು ಅದನ್ನು ಎತ್ತಿಕೊಂಡಿದ್ದರು. ಹವೆಯಾಗಲಿ, ವ್ಯಕ್ತಿಯ ಮನಸ್ಸಿನ ಭಾವವಾಗಲಿ, ದಾಖಲೆಯ ಆಧಾರವಿಲ್ಲದೆ ಬರೆಯಬಾರದೆಂಬುದು ಅವರ ನಿಯಮವಾಗಿತ್ತು. ಕಲೆ ಇದ್ದದ್ದು ದಾಖಲೆಗಳಲ್ಲಿ ಸಿಕ್ಕ ವಿವರಗಳ ಆಯ್ಕೆಯಲ್ಲಿ. ಟಿಪ್ಪಣಿಗಳನ್ನು ಅವರು ನಾಲ್ಕಕ್ಕೆ ಆರು ಇಂಚಿನ ಚೀಟಿಗಳಲ್ಲಿ ಬರೆದುಕೊಳ್ಳುತ್ತಿದ್ದರು, ಮತ್ತು ಯುದ್ಧಭೂಮಿಗಳನ್ನು ಬಾಡಿಗೆಯ ಪುಟ್ಟ ರೆನೋ ಕಾರಿನಲ್ಲಿ ಸುತ್ತಿ ನೋಡಿದ್ದರು. ಆಕ್ಷೇಪಗಳೂ ಬಂದವು: ಹದಿನಾಲ್ಕನೆಯ ಶತಮಾನದ ಯುರೋಪಿನ ಕುರಿತ 1978ರ ಅವರ ಪುಸ್ತಕವನ್ನು ಮಧ್ಯಯುಗದ ತಜ್ಞರು ಕೆಲವರು ಕಟುವಾಗಿ ವಿಮರ್ಶಿಸಿದರು. ಅಂಥ ವಿಮರ್ಶೆಯನ್ನು ಎದುರಿಸಲು ಸಿದ್ಧರಿರುವುದೂ ಈ ಕೆಲಸದ ಭಾಗವೇ ಎಂದು ನಾನು ಭಾವಿಸುತ್ತೇನೆ.

ಬೇಕಲಕ್ಕೆ ಬಂದರೆ, ನಿಮಗೊಂದು ದೊಡ್ಡ ಅನುಕೂಲವಿದೆ. ಆ ಕೋಟೆ ಕೆಳದಿಯ ನಾಯಕರ ಕಾಲದ್ದು; ಆ ಅರಸರ ಚರಿತ್ರೆಯನ್ನು ಹೇಳುವ ಲಿಂಗಣ್ಣನ ಕಾವ್ಯ ‘ಕೆಳದಿನೃಪವಿಜಯ’ ಕನ್ನಡದಲ್ಲೇ ಇದೆ. ಆಮೇಲೆ ಟಿಪ್ಪುವಿನ ಆಳ್ವಿಕೆ, 1799ರ ನಂತರ ಈಸ್ಟ್ ಇಂಡಿಯಾ ಕಂಪೆನಿಯ ಕಂದಾಯ ದಾಖಲೆಗಳು ಬರುತ್ತವೆ. ಕೋಟೆಯ ಬುರುಜಿನ ಮೇಲೆ ನಿಂತು ಸೂರ್ಯಾಸ್ತವನ್ನು ವರ್ಣಿಸುವ ಮೊದಲು, ಆ ಸೂರ್ಯಾಸ್ತವನ್ನು ಅಂದು ಕಂಡವರು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಹುಡುಕಿ. ಸಿಕ್ಕರೆ ಚೀಟಿಯಲ್ಲಿ ಆಕರದ ಹೆಸರನ್ನೂ ಪುಟಸಂಖ್ಯೆಯನ್ನೂ ಕೂಡಲೇ ಬರೆದಿಡಿ. ಸಿಗದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡಿ.