ಹಿಂದಿನ ಚಕ್ರಗಳು ಎಚ್ಚರಗೊಳ್ಳುವ ಹೊತ್ತು

ಪುಣೆಯಿಂದ ಮುಳಶಿ ದಾಟಿ ತಾಮ್ಹಿಣಿ ಘಾಟಿನ ಕಡೆ ಹೋಗುವಾಗ ಭಾವನ ಗೆಳೆಯರ ತೋಟಕ್ಕೆ ಹತ್ತುವ ಮಣ್ಣಿನ ದಾರಿಯೊಂದಿದೆ. ಆಷಾಢದ ಮಳೆಯಲ್ಲಿ ನಮ್ಮ ಕಾರಿನ ಮುಂದಿನ ಚಕ್ರಗಳು ಅಲ್ಲಿ ಗಿರ್ರನೆ ತಿರುಗಿ ಕೆಸರು ಎರಚಿದವು. ಮರುಕ್ಷಣವೇ ಹಿಂದಿನಿಂದ ಯಾರೋ ಹೆಗಲು ಕೊಟ್ಟು ನೂಕಿದಂತಾಗಿ ಕಾರು ಮೇಲೇರಿತು. "ಫೋರ್ ವೀಲ್ ಹಾಕಿದೆಯಾ?" ಎಂದು ಭಾವ ಕೇಳಿದರು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ಯಾವ ಗುಂಡಿಯನ್ನೂ ನಾನು ಒತ್ತಿರಲಿಲ್ಲ.

ಕಾರಿನ ಚೌಕಟ್ಟಿನ ಮೇಲೆ ಎಸ್‌ಯುವಿಯಂತೆ ಎತ್ತರಿಸಿ ಕಟ್ಟಿದ ಇಂಥ ಕ್ರಾಸ್‌ಓವರ್‌ಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ. ಒಣ ರಸ್ತೆಯಲ್ಲಿ ಕೆಲಸವೆಲ್ಲ ಬಹುಮಟ್ಟಿಗೆ ಮುಂದಿನ ಚಕ್ರಗಳದ್ದೇ. ಗೇರ್‌ಬಾಕ್ಸ್‌ನಿಂದ ಉದ್ದನೆಯ ಶಾಫ್ಟೊಂದು ಹಿಂದಕ್ಕೆ ಹೋಗುತ್ತದೆ. ಎಡಬಲ ಚಕ್ರಗಳಿಗೆ ಬಲ ಹಂಚುವ ಹಿಂದಿನ ಗೇರು ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಬಳಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳ ಕಟ್ಟಿರುತ್ತದೆ. ಅರ್ಧ ಪ್ಲೇಟುಗಳು ಶಾಫ್ಟಿಗೆ ಸೇರಿದವು, ಉಳಿದರ್ಧ ಹಿಂದಿನ ಚಕ್ರಗಳ ಕಡೆಯವು. ಅಂಗೈಗಳನ್ನು ಸಡಿಲವಾಗಿ ಜೋಡಿಸಿ ಒಂದನ್ನು ಸರಿಸಿದರೆ ಅದು ಜಾರುತ್ತದೆ; ಬಿಗಿಯಾಗಿ ಒತ್ತಿದರೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ. ಪ್ಲೇಟುಗಳದ್ದೂ ಇದೇ ಕಥೆ. ಎಷ್ಟು ಒತ್ತಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಬ್ರೇಕ್ ತುಳಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್‌ಗಾಗಿ ಪ್ರತಿ ಚಕ್ರದಲ್ಲೂ ಇರುವ ಸಂವೇದಕಗಳೇ ಅದರ ಕಣ್ಣು. ಈಗಿನ ಹಲವು ಕಾರುಗಳಲ್ಲಿ ಆಕ್ಸಿಲರೇಟರ್ ತುಳಿದ ರೀತಿಯನ್ನೂ ಸ್ಟೀರಿಂಗ್ ತಿರುವನ್ನೂ ನೋಡಿ, ಚಕ್ರ ಜಾರುವ ಮೊದಲೇ ಒತ್ತಡ ಹೆಚ್ಚುತ್ತದೆ. ಪುಣೆ ಬಳಿಯ ರಾಂಜಣಗಾವದಲ್ಲಿ ತಯಾರಾಗುವ ಜೀಪ್ ಕಂಪಾಸ್‌ನ ಫೋರ್ ವೀಲ್ ಮಾದರಿಯಲ್ಲಂತೂ, ಬೇಡವಾದಾಗ ಆ ಉದ್ದನೆಯ ಶಾಫ್ಟೇ ತಿರುಗುವುದನ್ನು ನಿಲ್ಲಿಸುತ್ತದೆ, ಇಂಧನ ಉಳಿಯುತ್ತದೆ.

ಥಾರ್, ಜಿಮ್ನಿಯಂಥ ಕಾಡುದಾರಿಯ ಗಾಡಿಗಳ ದಾರಿ ಬೇರೆ. ಅಲ್ಲಿ ಲಿವರ್ ಎಳೆದರೆ ಮುಂದಿನ ಹಿಂದಿನ ಶಾಫ್ಟುಗಳು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಕ್ರಮಿಸಬೇಕು, ಬೆಸುಗೆ ಅದಕ್ಕೆ ಬಿಡುವುದಿಲ್ಲ. ಕೆಸರಿನಲ್ಲಿ ಟೈರ್ ತುಸು ಜಾರಿ ಆ ಬಿಗಿತ ಸಡಿಲಾಗುತ್ತದೆ. ಒಣ ಡಾಂಬರಿನಲ್ಲಿ ಹಾಗಾಗದೆ ಗೇರುಗಳು ನರಳುತ್ತವೆ. ಕ್ರಾಸ್‌ಓವರ್‌ನ ಪ್ಲೇಟುಗಳು ತಾವೇ ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತವೆ.

ಆದರೆ ಜಾರಿದರೆ ಬಿಸಿ. ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಅಂಗಡಿಯವರ ಮಾತು ಕೇಳಿ ಹಿಂದಕ್ಕೆ ಮಾತ್ರ ಎರಡು ಹೊಸ ಟೈರ್ ಹಾಕಿಸಿದ್ದೆ. ಮುಂದಿನವು ಸುಮಾರು 5 ಮಿಲಿಮೀಟರ್ ಸವೆದಿದ್ದವು. ಸವೆದ ಟೈರ್ ಚಿಕ್ಕದು, ಅಷ್ಟೇ ದೂರಕ್ಕೆ ಹೆಚ್ಚು ಸುತ್ತಬೇಕು: 70 ಸೆಂಟಿಮೀಟರ್ ವ್ಯಾಸದ ಟೈರಿನಲ್ಲಿ ಹೊಸದಕ್ಕಿಂತ ಕಿಲೋಮೀಟರಿಗೆ ಆರಕ್ಕೂ ಹೆಚ್ಚು ಸುತ್ತು ಅಧಿಕ. ಮುಂದಿನ ಚಕ್ರಗಳು ಜಾರುತ್ತಿವೆಯೆಂದು ಕಂಪ್ಯೂಟರ್ ಬಗೆಯಿತು, ಪ್ಲೇಟುಗಳನ್ನು ಮತ್ತೆ ಮತ್ತೆ ಒತ್ತಿತು. ಸಿಂಹಗಡದ ಏರಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು, ಹಿಂದಿನ ಚಕ್ರಗಳ ನೆರವು ನಿಂತಿತು.

ಮುಂದಿನ ಟೈರುಗಳನ್ನೂ ಬದಲಿಸಿದ ಮೇಲೆ ಆ ದೀಪ ಮತ್ತೆ ಹೊತ್ತಿಲ್ಲ. ಅಂದು ಮೆಕ್ಯಾನಿಕ್ ಬಸಿದ ಎಣ್ಣೆ ಕಾಫಿ ಡಿಕಾಕ್ಷನ್‌ನಷ್ಟು ಕಪ್ಪಾಗಿತ್ತು. ಬೆರಳಿಗೆ ಹಚ್ಚಿ ಮೂಸಿದರೆ ಸುಟ್ಟ ವಾಸನೆ.